ಮಾಗಿದ ಎಲೆಯ ರುಚಿ

ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ. ಬೆಳೆಯುತ್ತೇವೆ, ಅಷ್ಟೆ. ಹುಣಸೂರು ತಾಲ್ಲೂಕಿನ ಕೆಂಪು ಮಣ್ಣಿನ ಮೂರು ಎಕರೆಯಲ್ಲಿ ಅಪ್ಪ ಹೊಗೆಸೊಪ್ಪು ಹಾಕಲು ಶುರುಮಾಡಿ ಮೂವತ್ತೈದು ವರ್ಷವಾಯಿತು. ಕೂಲಿಗೆ ಬಂದವರು ಬೀಡಿ ಹಚ್ಚಿದರೆ, ‘ಬ್ಯಾರನ್ ಹತ್ರ ಬ್ಯಾಡ, ಆ ಕಡೀಕ್ ಹೋಗಪ್ಪ’ ಎನ್ನುತ್ತಾನೆ. ಬೆಂಕಿಯ ಭಯಕ್ಕೆ ಹಾಗನ್ನುತ್ತಾನೆಂದು ಚಿಕ್ಕವಳಿದ್ದಾಗ ನಂಬಿದ್ದೆ. ಅವನಿಗೆ ಆ ಹೊಗೆಯೇ ಆಗದು ಎಂದು ತಿಳಿದದ್ದು ಬಹಳ ತಡವಾಗಿ. ನನ್ನ ಹಾಸ್ಟೆಲ್ಲಿನ ಫೀಸು, ಮೈಸೂರಿನಲ್ಲಿ ಮಾಡಿದ ಎಂ.ಎ., ಈ ಪ್ರಬಂಧ ಬರೆಯುತ್ತಿರುವ ಲ್ಯಾಪ್‌ಟಾಪು, ಎಲ್ಲವೂ ಆ ಸೊಪ್ಪಿನಿಂದಲೇ ಬಂದವು.

ಹೀಗಿರುವ ನಾನು ಹೋದ ವರ್ಷ ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಂಪಾ ಎಂಬ ಊರಿನ ಒಂದು ಕಲ್ಲುಬೆಂಚಿನ ಮೇಲೆ ಕೂತು, ಹದಿನಾಲ್ಕು ಡಾಲರು ಕೊಟ್ಟ ಒಂದು ಸಿಗಾರನ್ನು ಮುಕ್ಕಾಲು ಗಂಟೆ ಸೇದಿದೆ. ಚೆನ್ನಾಗಿತ್ತು. ನನ್ನ ತೊಂದರೆ ಶುರುವಾಗುವುದು ಈ ‘ಚೆನ್ನಾಗಿತ್ತು’ ಎಂಬಲ್ಲಿಂದ.

ಹೋದದ್ದು ಒಂದು ವಿಚಾರಸಂಕಿರಣಕ್ಕೆ. ಹದಿನೈದು ನಿಮಿಷದ ಪ್ರಬಂಧ ಓದಿ, ಮೂರು ಜನರ ಚಪ್ಪಾಳೆ ತಗೊಂಡು, ಮಾರನೆಯ ದಿನ ಒಬ್ಬಳೇ ಈಬೋರ್ ಸಿಟಿ ಎಂಬ ಹಳೆಯ ಬಡಾವಣೆ ನೋಡಲು ಹೊರಟೆ. 1880ರ ದಶಕದಲ್ಲಿ ವಿಸೆಂಟೆ ಮಾರ್ಟಿನೆಜ್ ಈಬೋರ್ ಎಂಬ ಸಿಗಾರ್ ವ್ಯಾಪಾರಿ ಕಟ್ಟಿಸಿದ ಊರು ಅದು. ಕ್ಯೂಬಾದಿಂದ, ಸ್ಪೇನಿನಿಂದ, ಸಿಸಿಲಿಯಿಂದ ಬಂದ ಸಾವಿರಾರು ಕೆಲಸಗಾರರು ಅಲ್ಲಿ ಸಿಗಾರ್ ಸುತ್ತುತ್ತಿದ್ದರು. ಇಟ್ಟಿಗೆಯ ದೊಡ್ಡ ಕಾರ್ಖಾನೆಗಳು ಈಗಲೂ ನಿಂತಿವೆ. ಎಲೆಯ ಬಣ್ಣ ಸರಿಯಾಗಿ ಕಾಣಬೇಕೆಂದು ಸಾಲು ಸಾಲು ಕಿಟಕಿ. ಬೀದಿಯಲ್ಲಿ ಕೋಳಿಗಳು ಯಾರ ಹಂಗೂ ಇಲ್ಲದೆ ತಿರುಗುತ್ತವೆ. ಅಮೆರಿಕದ ಊರೊಂದರ ಫುಟ್‌ಪಾತಿನ ಮೇಲೆ ಹುಂಜ ಕೂಗಿದ್ದು ಕೇಳಿ ನನಗೆ ಒಮ್ಮೆಲೇ ಮನೆ ನೆನಪಾಯಿತು. ಅಂಗಡಿಯೊಳಗೆ ಕಾಲಿಟ್ಟದ್ದು ಆ ನೆನಪಿನಿಂದಲೋ ಏನೋ.

ಒಳಗೆ ಗಾಜಿನ ಕಪಾಟಿನಲ್ಲಿ ಹೊಂಬಣ್ಣದಿಂದ ಕಪ್ಪಿನವರೆಗೆ ಸಿಗಾರುಗಳನ್ನು ಜೋಡಿಸಿದ್ದರು. ಕಿಟಕಿಯ ಪಕ್ಕ ವಯಸ್ಸಾದವರೊಬ್ಬರು ಮರದ ಹಲಗೆಯ ಮೇಲೆ ಎಲೆ ಹರಡಿಕೊಂಡು ಸುತ್ತುತ್ತಿದ್ದರು. ನಾನು ತೀರಾ ಕಪ್ಪಗಿದ್ದ ಒಂದನ್ನು ತೋರಿಸಿ, ಸುಟ್ಟಿದ್ದೀರಾ ಎಂದು ಕೇಳಿದೆ. ಅವರು ನಕ್ಕು, ‘ಮಡೂರೊ’ ಎಂದರು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಮಾಗಿದ್ದು. ಹಣ್ಣಿಗೂ ಮನುಷ್ಯರಿಗೂ ಒಂದೇ ಮಾತು, ನಮ್ಮಲ್ಲಿ ‘ಮಾಗು’ ಇದ್ದ ಹಾಗೆ.

ಇಲ್ಲಿ ಸ್ವಲ್ಪ ಸೊಪ್ಪಿನ ವಿಷಯ ಹೇಳಲೇಬೇಕು. ಸಿಗಾರ್ ಎಂದರೆ ಪೂರ್ತಿ ಎಲೆ, ಕಾಗದವಿಲ್ಲ. ಒಳಗೆ ತುಂಬುವ ಎಲೆಗಳು, ಅವನ್ನು ಹಿಡಿದಿಡುವ ಕಟ್ಟಿನ ಎಲೆ, ಮೇಲೆ ಹೊದಿಕೆಯ ಎಲೆ. ಕಣ್ಣಿಗೆ ಕಾಣುವುದು ಆ ಹೊದಿಕೆ ಮಾತ್ರ, ಹೆಚ್ಚು ಬೆಲೆಯೂ ಅದಕ್ಕೇ. ಕಪ್ಪು ಹೊದಿಕೆಗೆ ಕನೆಕ್ಟಿಕಟ್ ಕಣಿವೆಯ ಅಗಲ ಎಲೆ, ಮೆಕ್ಸಿಕೋದ ಸಾನ್ ಆಂಡ್ರೆಸ್‌ನ ಎಲೆ, ಬ್ರೆಜಿಲಿನ ಎಲೆ ಹೆಸರಾಗಿವೆ. ನನ್ನದು ಕನೆಕ್ಟಿಕಟ್‌ನದು. ದಪ್ಪ, ಎಣ್ಣೆಯ ಪಸೆಯ ಎಲೆ. ಗಿಡವನ್ನು ಬುಡಸಮೇತ ಕಡಿದು ಗಾಳಿಯಲ್ಲಿ ನೇತುಹಾಕಿ ಒಣಗಿಸುತ್ತಾರೆ. ಆಮೇಲೆ ತೇವ ಮಾಡಿ ಆಳೆತ್ತರದ ರಾಶಿ ಒಟ್ಟುತ್ತಾರೆ. ರಾಶಿಯ ಹೊಟ್ಟೆಯಲ್ಲಿ ತನ್ನಷ್ಟಕ್ಕೆ ಕಾವು ಏಳುತ್ತದೆ, ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ, ಹಾಗೆ. ಕಾವು ಮಿತಿಮೀರದಂತೆ ರಾಶಿಯನ್ನು ಒಡೆದು, ಒಳಗಿನದು ಹೊರಗೆ ಹೊರಗಿನದು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಅಮೋನಿಯಾದ ಘಾಟು ಹೊರಟುಹೋಗುತ್ತದೆ, ಕಟುತನ ಇಳಿಯುತ್ತದೆ, ಬಣ್ಣ ಕಪ್ಪಾಗುತ್ತದೆ. ಬೇರೆ ಎಲೆಗಳಿಗಿಂತ ಹೆಚ್ಚು ಕಾವು, ಹೆಚ್ಚು ಕಾಲ. ಕಪ್ಪಗಿದ್ದರೆ ಖಾರ ಜಾಸ್ತಿ ಎಂದುಕೊಳ್ಳುವುದು ತಪ್ಪು. ಖಾರ ಇರುವುದು ಒಳಗೆ ತುಂಬಿದ ಎಲೆಯಲ್ಲಿ, ಅದರಲ್ಲೂ ಗಿಡದ ತುದಿಯ ಬಿಸಿಲೆಲೆಯಲ್ಲಿ.

ನಮ್ಮ ಬ್ಯಾರನ್ನಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಬಲಿತ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಟ್ಟಅಟ್ಟವಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ಕೊಳವೆಯ ಮೂಲಕ ಕಾವು ಕೊಡುತ್ತೇವೆ. ಮೊದಲು ಸಣ್ಣ ಕಾವು, ಎಲೆ ಹಳದಿಗೆ ತಿರುಗುವವರೆಗೆ. ತಿರುಗಿದ ಆ ಗಳಿಗೆಯಲ್ಲಿ ಹಿಡಿದು ನಿಲ್ಲಿಸಬೇಕು. ಒಂದಿಷ್ಟು ತಡವಾದರೂ ಎಲೆ ಕಂದುತ್ತದೆ, ಕಂದಿದ ಬೇಲಿಗೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆ ಐದಾರು ರಾತ್ರಿ ಅಪ್ಪ ಮಲಗುವುದಿಲ್ಲ. ಗಂಟೆಗೊಮ್ಮೆ ಟಾರ್ಚು ಹಿಡಿದು ಸಣ್ಣ ಕಿಟಕಿಯಲ್ಲಿ ಇಣುಕುತ್ತಾನೆ. ಕಪ್ಪು ಎಂದರೆ ಅವನಿಗೆ ಸೋಲು, ಅಸಲೂ ಹುಟ್ಟದ ವರ್ಷ, ಕೈಸಾಲ. ಈ ಊರಿನಲ್ಲಿ ಅದೇ ಕಪ್ಪನ್ನು ಗಾಜಿನ ಕಪಾಟಿನಲ್ಲಿಟ್ಟು ಒಂದಕ್ಕೆ ಹದಿನಾಲ್ಕು ಡಾಲರು ಎನ್ನುತ್ತಿದ್ದರು. ಸುಮಾರು ಸಾವಿರದ ಇನ್ನೂರು ರೂಪಾಯಿ. ಅಪ್ಪನ ಸೊಪ್ಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದು ಕಿಲೋ.

ಎರಡು ಕೊಂಡೆ. ಏಕೆ ಎರಡು ಎಂದು ಆಗ ನನಗೇ ಗೊತ್ತಿರಲಿಲ್ಲ.

ತುದಿ ಕತ್ತರಿಸಿ ಕೊಟ್ಟವರು ಅಂಗಡಿಯವರೇ. ಉಸಿರೊಳಗೆ ಎಳೆದುಕೊಳ್ಳಬಾರದು, ಬಾಯಲ್ಲಿ ಆಡಿಸಿ ಬಿಡಬೇಕು, ಅವಸರ ಮಾಡಿದರೆ ಕಾವೇರಿ ಕಹಿಯಾಗುತ್ತದೆ ಎಂದರು. ಹಚ್ಚುವ ಮೊದಲೇ ಮೂಸಿ ನೋಡಿದೆ: ಒಣಹುಲ್ಲು, ಹಸು ಕಟ್ಟುವ ಕೊಟ್ಟಿಗೆ, ಮಳೆ ಬಿದ್ದ ಮಣ್ಣು. ಹಚ್ಚಿದ ಮೇಲೆ ಮೊದಲ ನಾಲ್ಕು ಎಳೆತ ಬರೀ ಮೆಣಸಿನ ಘಾಟು. ಐದನೆಯದಕ್ಕೋ ಆರನೆಯದಕ್ಕೋ ಏನೋ ತೆರೆದುಕೊಂಡಿತು. ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದಾಗ ಕೊಪ್ಪರಿಗೆಯ ಅಂಚಿನಲ್ಲಿ ಸೀದ ಬೆಲ್ಲದ ವಾಸನೆ. ಅದರ ಹಿಂದೆ ಹುರಿದ ರಾಗಿ. ಅದರ ಹಿಂದೆ ಸಕ್ಕರೆಯಿಲ್ಲದ ಕಾಫಿ. ಬೂದಿ ಉದುರದೆ ಒಂದಿಂಚು ನಿಂತಿತ್ತು. ಸಂಜೆ ಬಿಸಿಲು, ಹುಂಜದ ಕೂಗು. ಸುಳ್ಳೇಕೆ, ಆ ಇಪ್ಪತ್ತು ನಿಮಿಷ ನನಗೆ ಪಿಎಚ್‌.ಡಿ., ಮುಗಿಯುತ್ತಿರುವ ಫೆಲೋಶಿಪ್ಪು, ಊರು, ಯಾವುದೂ ನೆನಪಿರಲಿಲ್ಲ.

ಆಮೇಲೆ ತಲೆ ತಿರುಗಲು ಶುರುವಾಯಿತು. ಬೆಳಿಗ್ಗೆಯಿಂದ ಒಂದು ಬ್ರೆಡ್ಡು ಬಿಟ್ಟು ಏನೂ ತಿಂದಿರಲಿಲ್ಲ. ಅಂಗೈ ಬೆವರಿತು, ಬಾಯಲ್ಲಿ ನೀರೂರಿತು, ಹೊಟ್ಟೆ ತೊಳಸಿತು. ಆ ತೊಳಸುವಿಕೆ ನನಗೆ ಹೊಸದಲ್ಲ. ಹತ್ತೋ ಹನ್ನೊಂದೋ ವಯಸ್ಸಿನಲ್ಲಿ, ಜುಲೈ ಮಳೆಯಲ್ಲಿ ನೆನೆದ ಸೊಪ್ಪು ಮುರಿದು ಕಂಕುಳಲ್ಲಿ ಹೊತ್ತು ತಂದ ದಿನ ಹೀಗೇ ಆಗಿತ್ತು. ಒದ್ದೆ ಎಲೆಯ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ಹಸಿ ತಂಬಾಕಿನ ಕಾಯಿಲೆ ಎಂದೇ ಹೆಸರಿದೆ. ಅವ್ವ ಅದಕ್ಕೆ ‘ಸೊಪ್ಪು ತಲೆಗೇರ್ತು’ ಎನ್ನುತ್ತಿದ್ದಳು. ತಾನೂ ವರ್ಷಕ್ಕೆ ಎರಡು ಮೂರು ಸಲ ಬದುವಿನ ಮೇಲೆ ಕೂತು ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಮತ್ತೆ ಸಾಲಿಗೆ ಇಳಿಯುತ್ತಿದ್ದಳು. ಅದೇ ವಸ್ತು, ಅದೇ ತಲೆಸುತ್ತು. ನಾನು ಅದಕ್ಕೆ ದುಡ್ಡು ಕೊಟ್ಟಿದ್ದೆ, ಅವಳಿಗೆ ಅದು ಪುಕ್ಕಟೆಯಾಗಿ ಬರುತ್ತಿತ್ತು. ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಾಗ ನಗು ಬಂತು, ಒಳ್ಳೆಯ ನಗುವಲ್ಲ.

ನನ್ನ ಸಂಶೋಧನೆ ರಸದ ಮೇಲೆ. ಅಭಿನವಗುಪ್ತ, ಮುಖ್ಯವಾಗಿ ಅವನು ಉಲ್ಲೇಖಿಸುವುದರಿಂದ ನಮಗೆ ಸಿಗುವ ಭಟ್ಟನಾಯಕ, ಇವರ ನಡುವೆ ಐದು ವರ್ಷ ಕಳೆದಿದ್ದೇನೆ. ಅವರು ಹೇಳುವ ಸಾಧಾರಣೀಕರಣದ ಸಾರ ಇಷ್ಟು: ಇದು ನನ್ನದು, ಇದು ಪರರದು ಎಂಬ ಗಂಟು ಸಡಿಲವಾದಾಗ ಮಾತ್ರ ರಸ ಹುಟ್ಟುತ್ತದೆ. ರಂಗದ ಮೇಲಿನ ದುಃಖ ನನ್ನ ಮನೆಯ ದುಃಖವೇ ಆಗಿಬಿಟ್ಟರೆ ನಾನು ಅಳುತ್ತೇನೆಯೇ ಹೊರತು ಆಸ್ವಾದಿಸುವುದಿಲ್ಲ. ತರಗತಿಯಲ್ಲಿ ಇದನ್ನು ನಾನೇ ಪಾಠ ಮಾಡಿದ್ದೇನೆ. ಸಿಗಾರನ್ನು ಹೊಗಳುವವರ ಮಾತೂ ಒಂದು ಬಗೆಯ ಸಾಧಾರಣೀಕರಣವೇ. ಚರ್ಮದ ಪರಿಮಳ, ದೇವದಾರು, ಕೋಕೋ ಎನ್ನುತ್ತಾರೆ, ಸೊಪ್ಪು ಎನ್ನುವುದಿಲ್ಲ. ನನಗೆ ಇಪ್ಪತ್ತು ನಿಮಿಷ ಅದು ಸಾಧ್ಯವಾಯಿತು. ಹೊಟ್ಟೆ ತೊಳಸಿದ ಕ್ಷಣ ಗಂಟು ಮತ್ತೆ ಬಿಗಿಯಿತು. ಹಾಗಾದರೆ ಆಸ್ವಾದ ಎಂದರೆ ಮರೆಯುವ ಒಂದು ವಿದ್ಯೆಯೇ? ಕಾವ್ಯದ ವಿಷಯದಲ್ಲಿ ಅದು ತಪ್ಪಲ್ಲ, ಶಕುಂತಲೆಗೆ ಕೂಲಿ ಬಾಕಿ ಇಲ್ಲ. ಯಾರದೋ ಮೈಯ ಶ್ರಮದಿಂದ ಬಂದ ವಸ್ತುವಿನ ವಿಷಯದಲ್ಲಿ?

ಇದಕ್ಕೆ ಒಂದು ಸಿದ್ಧ ಉತ್ತರವಿದೆ: ರಸಿಕ ಮರೆಯುವುದಿಲ್ಲ, ಅವನಿಗೆ ಹೆಚ್ಚು ಗೊತ್ತಿರುತ್ತದೆ. ಯಾವ ಕಣಿವೆ, ಯಾವ ವರ್ಷ, ಗಿಡದ ಎಷ್ಟನೆಯ ಎಲೆ, ಯಾವ ಸುತ್ತುಗಾರನ ಕೈ, ಎಲ್ಲ ಹೇಳುತ್ತಾನೆ. ನಿಜ. ಆ ಜ್ಞಾನ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಮಣ್ಣು ಗೊತ್ತು, ಮಳೆ ಗೊತ್ತು, ಕೈಚಳಕ ಗೊತ್ತು. ಆ ಕೈಗೆ ಸಂಜೆ ಸಿಕ್ಕ ಕೂಲಿ ಮಾತ್ರ ಸವಿಯ ಪಟ್ಟಿಯಲ್ಲಿ ಬರುವುದಿಲ್ಲ. ‘ಕೈಯಿಂದ ಮಾಡಿದ್ದು’ ಎನ್ನುವಲ್ಲಿ ಕೈ ಒಂದು ಅಲಂಕಾರ. ಕ್ಯೂಬಾದ ಹುಡುಗಿಯರು ತೊಡೆಯ ಮೇಲೆ ಸಿಗಾರ್ ಹೊಸೆಯುತ್ತಾರೆ ಎಂಬ ಕಟ್ಟುಕಥೆ ಇಷ್ಟು ಕಾಲ ಬಾಳಿದ್ದು ಬೇರೆ ಯಾವ ಕಾರಣಕ್ಕೆ? ಸಿಗಾರ್ ಸುತ್ತುವುದು ಹಲಗೆಯ ಮೇಲೆ. ಹೆಂಗಸರಿಗೆ ಬಹುಕಾಲ ಸಿಕ್ಕ ಕೆಲಸ ಎಲೆಯ ನಡುನರ ಬಿಡಿಸುವುದು, ಕಡಿಮೆ ಕೂಲಿಯದು. ನಮ್ಮ ದಕ್ಷಿಣ ಕನ್ನಡದಲ್ಲಿ ಲಕ್ಷಾಂತರ ಹೆಂಗಸರು ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಿದರು. ಅದೂ ಅಪ್ಪಟ ಕೈಕೆಲಸವೇ. ಬೀಡಿಯ ಬಗ್ಗೆ ‘ಕುಶಲಕರ್ಮ’ ಎಂದು ಯಾರೂ ಬರೆಯಲಿಲ್ಲ. ಸೇದುವವನ ಜೇಬು ನೋಡಿ ನಾವು ಕೈಗೆ ಬೆಲೆ ಕಟ್ಟುತ್ತೇವೆ.

ಆದರೂ ಈ ಕಥೆಯಲ್ಲಿ ನನಗೆ ತುಂಬಾ ಪ್ರಿಯವಾದ ಒಂದು ಸಂಗತಿಯಿದೆ. ಹವಾನಾದ ಕಾರ್ಖಾನೆಗಳಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಕೆಲಸಗಾರರು ತಂತಮ್ಮ ಕೂಲಿಯಿಂದ ಒಂದಿಷ್ಟು ಕೂಡಿಸಿ ಒಬ್ಬ ಓದುಗನನ್ನು ಇಟ್ಟುಕೊಳ್ಳುತ್ತಿದ್ದರು. ಸಾಲು ಸಾಲಾಗಿ ಕೂತು ಎಲೆ ಸುತ್ತುತ್ತಿರುವಾಗ ಆತ ಎತ್ತರದ ಕಟ್ಟೆಯ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದ. ಏನು ಓದಬೇಕೆಂದು ಕೆಲಸಗಾರರೇ ಮತ ಹಾಕುತ್ತಿದ್ದರು. ಅಕ್ಷರ ಬಾರದವರ ಬಾಯಲ್ಲಿ ಹ್ಯೂಗೊ, ಸರ್ವಾಂಟಿಸ್, ಡ್ಯೂಮಾ. ಇವತ್ತಿಗೂ ಹೆಸರಾಗಿರುವ ಮಾಂಟೆಕ್ರಿಸ್ಟೊ ಎಂಬ ಸಿಗಾರಿನ ಹೆಸರು ಡ್ಯೂಮಾನ ಕಾದಂಬರಿಯದು. ಮರುವರ್ಷವೇ ಸರ್ಕಾರ ಈ ಓದನ್ನು ನಿಷೇಧಿಸಿತು, ಕೇಳಿದವರು ಯೋಚಿಸಲು ಶುರುಮಾಡುತ್ತಾರಲ್ಲ. ಪದ್ಧತಿ ಮತ್ತೆ ತಲೆಯೆತ್ತಿ, ಕೆಲಸಗಾರರ ಜೊತೆ ಸಮುದ್ರ ದಾಟಿ, ಟ್ಯಾಂಪಾಕ್ಕೂ ಬಂತು. ಅಲ್ಲಿ 1931ರಲ್ಲಿ ಮಾಲೀಕರು ಓದುಗರನ್ನು ತೆಗೆದುಹಾಕಿದರು. ಕೆಲಸಗಾರರು ಮುಷ್ಕರ ಹೂಡಿ ಸೋತರು. ಓದುಗನ ಕಟ್ಟೆ ಇದ್ದ ಜಾಗಕ್ಕೆ ರೇಡಿಯೋ ಬಂತು. ಕ್ಯೂಬಾದಲ್ಲಿ ಮಾತ್ರ ಈಗಲೂ ಓದುತ್ತಾರೆ.

ಇದನ್ನು ಆ ಊರಿನ ಮ್ಯೂಸಿಯಮ್ಮಿನಲ್ಲಿ ನೋಡುತ್ತ ನಾನು ಸುಮಾರು ಹೊತ್ತು ನಿಂತಿದ್ದೆ. ಏಕೆಂದರೆ ಆ ಕೆಲಸ ನಾನೂ ಮಾಡಿದ್ದೇನೆ. ಆಗಸ್ಟ್ ತಿಂಗಳಲ್ಲಿ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹತ್ತು ಹನ್ನೆರಡು ಹೆಂಗಸರು ಸೊಪ್ಪು ಕಟ್ಟಲು ಕೂರುತ್ತಿದ್ದರು. ಶಾಲೆಯಿಂದ ಬಂದ ನನಗೆ ಅವ್ವ, ‘ಏನಾರ ಓದವ್ವ, ಕೈ ಬೇಗ ಓಡ್ತವೆ’ ಎನ್ನುತ್ತಿದ್ದಳು. ತ್ರಿವೇಣಿಯವರ ‘ಶರಪಂಜರ’ವನ್ನು ಎರಡು ಸಲ ಪೂರ್ತಿ ಓದಿದ್ದೇನೆ ಅಲ್ಲಿ. ಎಲೆಯ ಅಂಟು ಒಣಗಿ ಕಪ್ಪಾದ ಕೈಗಳು ಕಾವೇರಿಯ ಕಥೆಗೆ ಒಂದೊಂದು ಸಲ ನಿಂತುಬಿಡುತ್ತಿದ್ದವು. ಸಾಹಿತ್ಯ ಎಂದರೇನು ಎಂದು ನನಗೆ ತಿಳಿದದ್ದು ಆ ಕೈಗಳು ನಿಂತಾಗ. ಅಂದಮೇಲೆ ಇದನ್ನೂ ಹೇಳಬೇಕು: ಅವರಿಗೆ ಕೂಲಿ ಕಡ್ಡಿಯ ಲೆಕ್ಕದಲ್ಲಿ. ಕೈ ನಿಂತರೆ ನಷ್ಟ ಅವರಿಗೆ. ಕೈ ಬೇಗ ಓಡಿದರೆ ಬ್ಯಾರನ್ ಬೇಗ ತುಂಬುವುದು ನಮಗೆ. ಹವಾನಾದಲ್ಲಿ ಓದುಗನನ್ನು ಕೆಲಸಗಾರರು ನೇಮಿಸಿಕೊಂಡಿದ್ದರು. ನಮ್ಮ ಚಪ್ಪರದ ಓದುಗಿ ಮಾಲೀಕನ ಮಗಳು.

ಸೇದುವುದು ಸರಿಯೇ ಎಂಬ ಚರ್ಚೆ ನಮ್ಮ ನಾಡಿನ ಮಟ್ಟಿಗೂ ಹಳೆಯದು. 1604ರ ಹೊತ್ತಿಗೆ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕು ಕಂಡು, ಅದುವರೆಗೆ ಅಂಥದ್ದು ನೋಡಿರಲಿಲ್ಲವೆಂದು ಸ್ವಲ್ಪ ಕಟ್ಟಿಸಿಕೊಂಡು, ರತ್ನ ಕೂರಿಸಿದ ಕೊಳವೆಯೊಂದನ್ನೂ ಮಾಡಿಸಿ ಬಾದಶಹನಿಗೆ ಒಪ್ಪಿಸಿದ. ಅಕ್ಬರ್ ಒಂದೆರಡು ಬಾರಿ ಎಳೆದ. ಆಸ್ಥಾನದ ವೈದ್ಯ ಬೇಡವೆಂದ: ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ, ಪರೀಕ್ಷೆಯಾಗದ ಮದ್ದು. ಅಸದ್ ಬೇಗ್ ಬಿಡಲಿಲ್ಲ: ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೆ, ಪರೀಕ್ಷಿಸದೆ ತಳ್ಳುವುದು ಹೇಗೆ? ಅಕ್ಬರನಿಗೆ ಈ ವಾದ ಹಿಡಿಸಿತು. ಅವನು ಸೇದುವುದನ್ನು ರೂಢಿಸಿಕೊಳ್ಳಲಿಲ್ಲ, ಅವನ ಸರದಾರರು ರೂಢಿಸಿಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಯಾರೂ ಕೇಳಲಿಲ್ಲ. ನನಗೆ ಅಸದ್ ಬೇಗನ ತರ್ಕ ಇಷ್ಟ, ವೈದ್ಯನದೇ ಸರಿ ಎಂದು ಈಗ ಗೊತ್ತಿದ್ದರೂ. ಇಬ್ಬರೂ ಮಾತಾಡಿದ್ದು ಸೇದುವವನ ಬಗ್ಗೆ. ಆಮೇಲಿನ ನಾನೂರು ವರ್ಷದ ತತ್ವಶಾಸ್ತ್ರವೂ ಹೆಚ್ಚಾಗಿ ಅಲ್ಲೇ ನಿಂತಿದೆ: ತನ್ನ ದೇಹಕ್ಕೆ ತಾನು ಮಾಡಿಕೊಳ್ಳುವ ಹಾನಿಯನ್ನು ತಡೆಯುವ ಹಕ್ಕು ಯಾರಿಗಾದರೂ ಇದೆಯೇ? ಮಿಲ್ ಇಲ್ಲವೆಂದ. ದಿನಕ್ಕೆ ಇಪ್ಪತ್ತು ಸಿಗಾರ್ ಸೇದುತ್ತಿದ್ದ ಫ್ರಾಯ್ಡ್, 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಾದರೂ ಬಿಡಲಿಲ್ಲ. ಆ ಹಟದ ಮುಂದೆ ನನಗೆ ಮಾತು ಹೊರಡದು. ಒಂದು ಸಿಗಾರ್ ಸೇದಿದ ನನ್ನ ದೇಹದ ಬಗ್ಗೆ ನನಗೆ ಅಂಥ ಚಿಂತೆಯೂ ಇಲ್ಲ.

ಚಿಂತೆ ಇರುವುದು ಇನ್ನೊಂದು ಕಡೆ. ಸಿಗಾರಿನ ಹೊಗೆ ಕ್ಷಾರ, ಬಾಯಲ್ಲೇ ಹೀರಿಕೊಳ್ಳುತ್ತದೆ, ಎದೆಗೆ ಎಳೆದರೆ ಕೆಮ್ಮು ಬರುತ್ತದೆ. ಅಪ್ಪ ಆ ಹಳದಿಯಲ್ಲಿ ಹಿಡಿದು ನಿಲ್ಲಿಸುತ್ತಾನಲ್ಲ, ಆಗ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ. ಸಕ್ಕರೆಯಿಂದ ಹೊಗೆ ಹುಳಿಯಾಗಿ ನಯವಾಗುತ್ತದೆ, ಸಲೀಸಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿಗರೇಟಿಗೆ ಅದೇ ಬೇಕು. ಅವನು ನಿದ್ದೆಗೆಟ್ಟು ಕಾಯುವ ಆ ಬಣ್ಣಕ್ಕೆ ಇರುವ ಅರ್ಥ ಇದು. ಇದನ್ನು ಓದಿ ತಿಳಿದು ಆರು ವರ್ಷವಾಯಿತು. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅವನೇನು ಮಾಡಬೇಕು? ರಾಗಿ ಹಾಕಿದರೆ, ಜೋಳ ಹಾಕಿದರೆ ಏನು ಉಳಿಯುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ‘ಬೇರೆ ಬೆಳೆ ಬೆಳೆಯಿರಿ’ ಎಂದು ಸಭೆಗಳಲ್ಲಿ ಹೇಳುವವರು ಆ ಬೆಳೆಯನ್ನು ಹರಾಜು ಕಟ್ಟೆಯಲ್ಲಿ ಕೊಳ್ಳಲು ಬರುವುದಿಲ್ಲ. ನಾನು ಹೇಳದಿರುವುದು ಮಮತೆಯೋ ಹೇಡಿತನವೋ ತೀರ್ಮಾನಿಸಲಾಗಿಲ್ಲ. ತೀರ್ಮಾನಿಸುವ ಮೊದಲೇ ಪ್ರತಿ ವರ್ಷ ಫೀಸು ಕಟ್ಟುವ ತಿಂಗಳು ಬರುತ್ತಿತ್ತು.

ಎರಡನೆಯ ಸಿಗಾರನ್ನು ಮನೆಗೆ ತಂದೆ. ಅಪ್ಪ ಜಗಲಿಯಲ್ಲಿ ಕೂತಿದ್ದ. ಕೈಗೆ ಕೊಟ್ಟೆ.

‘ಏನವ್ವ ಇದು, ಬ್ಯಾರನ್ಗೆ ಬೆಂಕಿ ಬಿದ್ದಾಗ ಉಳ್ದ ಸೊಪ್ಪಿನಂಗೈತೆ!’

‘ಅಲ್ಲಿ ಇದೇ ಬಣ್ಣಕ್ಕೆ ದುಡ್ಡು ಕನಪ್ಪ.’

ಅವನು ನಂಬಲಿಲ್ಲ. ಮೂಸಿದ. ಬೆಳಕಿಗೆ ಹಿಡಿದ. ಆಮೇಲೆ ನಾನು ಎಣಿಸಿರದ ಕೆಲಸ ಮಾಡಿದ: ಬೆರಳು ನೀರಿಗೆ ಅದ್ದಿ, ಅಂಚು ಒದ್ದೆ ಮಾಡಿ, ಹೊದಿಕೆಯ ಎಲೆಯನ್ನು ನಿಧಾನವಾಗಿ ಬಿಚ್ಚತೊಡಗಿದ. ಹತ್ತು ನಿಮಿಷ ಹಿಡಿಯಿತು. ಎಲೆ ಹರಿಯದೆ ಸುರುಳಿ ಬಿಚ್ಚಿಕೊಂಡು ಅವನ ತೊಡೆಯ ಮೇಲೆ ಮಲಗಿತು. ಅಂಗೈಯಿಂದ ಸವರಿದ.

‘ದಪ್ಪ ಸೊಪ್ಪು. ಆದ್ರೂ ನೋಡು, ಒಂದ್ ತೂತಿಲ್ಲ. ಹುಳ ಬೀಳ್ದಂಗೆ ಹೆಂಗ್ ಕಾಯ್ದ್ರೋ ಪುಣ್ಯಾತ್ಮರು.’ ಸ್ವಲ್ಪ ಹೊತ್ತು ಬಿಟ್ಟು, ‘ಎಷ್ಟಾಯ್ತು ಇದ್ಕೆ?’

‘ಇನ್ನೂರಾ ಐವತ್ತು.’

ಸುಳ್ಳು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಸಾವಿರದ ಇನ್ನೂರು ಎಂದಿದ್ದರೆ ಅವನು ನನ್ನನ್ನು ಬೈಯುತ್ತಿರಲಿಲ್ಲ. ತನ್ನ ಐದು ಕಿಲೋ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕವನ್ನು ಅವನ ಮುಖದಲ್ಲಿ ನೋಡುವುದು ನನಗೆ ಬೇಡವಾಗಿತ್ತು. ಅವನಿಗೆ ಕಡಿಮೆಯಾಗದಿರಲಿ ಎಂದು ಹೇಳಿದೆನೋ, ನನಗೆ ಕಷ್ಟವಾಗದಿರಲಿ ಎಂದೋ.

‘ಒಂದ್ ಕೇಜಿ,’ ಎಂದ ಅಪ್ಪ. ‘ಪರ್ವಾಗಿಲ್ಲ. ಕೆಲ್ಸ ಐತೆ ಇದ್ರಲ್ಲಿ.’ ಆಮೇಲೆ ನನ್ನ ಕಡೆ ನೋಡದೆ, ‘ಒಂದೇ ತಂದ್ಯಾ?’

‘ಎರಡು ತಗೊಂಡಿದ್ದೆ.’

ಒಳಗೆ ಅವ್ವ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಪ್ಪ ಎಲೆಯ ನಡುನರದ ಮೇಲೆ ಬೆರಳಾಡಿಸುತ್ತಿದ್ದ. ಬೈಯುತ್ತಾನೆಂದು ಕಾದೆ.

‘ಹೆಂಗಿತ್ತವ್ವ?’ ಎಂದು ಕೇಳಿದ.

ನಾನು ಆಲೆಮನೆ ಎಂದೆ, ಸೀದ ಬೆಲ್ಲ ಎಂದೆ, ಹುರಿದ ರಾಗಿ ಎಂದೆ. ತಲೆ ಸುತ್ತಿದ್ದನ್ನೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ, ನಾನು ಮೊದಲ ಸಲ ಹೈಸ್ಕೂಲು ಮಾರ್ಕ್ಸ್ ಕಾರ್ಡು ಓದಿ ಹೇಳಿದಾಗ ಕೇಳಿಸಿಕೊಂಡ ಹಾಗೆ.

‘ನಮ್ ಸೊಪ್ಪು ಹೆಂಗಿರ್ತದೋ,’ ಎಂದ.

ಬಿಚ್ಚಿದ ಎಲೆಯನ್ನು ಆ ರಾತ್ರಿ ಹರಾಜಿನ ಪಾಸ್‌ಬುಕ್ಕಿನ ನಡುವೆ ಇಟ್ಟ. ಮೊನ್ನೆ ಹೋದಾಗ ತೆಗೆದು ನೋಡಿದೆ. ಒಣಗಿ ಗರಿಗರಿಯಾಗಿದೆ, ಬಣ್ಣ ಹಾಗೇ ಇದೆ.